ಎರಡು ಬಕೀಟು

ಬ್ಯಾಡಗಿ ಪ್ಯಾಟ್ಯಾಗ ದಿನಪೂರಾ
ಮೆಣಸಿನಕಾಯಿ ತೊಟ್ಟು ಮುರದು ಬಂದ ಸೀರಿ,
ಕೂಸಿನ ಅರಿವಿ
ಒಂದ ಬಕೀಟಿನ್ಯಾಗ ನೆನಿ ಇಟ್ಟಿದ್ದೆ.

ಮರುದಿನ ರಾತ್ರಿ ಕೂಸು ಕಣ್ಣು ಮುಚ್ಚಲಿಲ್ಲ.
ದೃಷ್ಟಿ ಆಗೇತಂತ ಅತ್ತಿ
ಅವೇ ಮೆಣಸಿನಕಾಯಿ ನೀವಾಳಿಸಿ
ಒಲಿಗೆ ಹಾಕಿದ್ಲು. ಮತ್ತಷ್ಟು ಅತ್ತಿತು.

ಬೆಳಗಾಗೂದ್ರಾಗ ಆಚಿಮನಿ ಮಾಬೂಬಿ ಬಂದು
ಲಂಗೋಟಿ ಮೂಸಿದ್ಲು, ಸೀನಿದ್ಲು.
"ಯಾರ ದೃಷ್ಟೀನೂ ಅಲ್ಲವ್ವ,
ನಿನ್ನ ಸೀರಿ ಘಾಟು."

ಅವತ್ತಿಂದ ಎರಡು ಬಕೀಟು.
ಕೂಸಿನವು ಮದಲ, ನನ್ನವು ಕಡೀಕ.
ಗಾಳಿಗೆ ಬೆನ್ನು ಕೊಟ್ಟು ಸೀರಿ ಝಾಡಿಸಬೇಕು.
ತಣ್ಣೀರು ಸಾಕು. ಕುದಿನೀರು ಸುರದ್ರ
ಘಾಟೆದ್ದು ಮಾರಿಗೇ ಹೊಡೀತೈತಿ:
ಇದು ನಾನ ಕಲತದ್ದು, ಯಾರೂ ಹೇಳಲಿಲ್ಲ.

ಸೆರಗಿನ ಕೆಂಪು ಮಾತ್ರ ಸಾಬೂನಿಗೆ ಬಗ್ಗಲಿಲ್ಲ.
"ತಿಕ್ಕಿ ತಿಕ್ಕಿ ಹರೀಬ್ಯಾಡ, ಬಿಸಲಿಗೆ ಹಾಕು," ಅಂದ್ಲು ಮಾಬೂಬಿ,
"ಬಿಸಲ ಕೊಟ್ಟ ಬಣ್ಣ,
ಬಿಸಲ ವಾಪಸ್ ಇಸಗೋತೈತಿ."

ಮೂರ ದಿನಕ್ಕ ಕಲಿ ಹೋತು.
ಬೆರಳಿನ ಉರಿ ಹೋಗಿಲ್ಲ.
ಶೇಂಗಾಎಣ್ಣಿ ಸವರಿ, ಸಾಬೂನು ಹಚ್ಚಿ,
ಮೂಸಿ ನೋಡಿ, ಮತ್ತ ತೊಳದು,
ಆದ್ರೂ
ಕೂಸಿನ ಕಣ್ಣು ಒರಸೂದಿದ್ರ
ಗ್ವಾಡಿ ಬಡದು
ಮಾಬೂಬಿನ್ನ ಕರಿತೀನಿ.