ಒರತೆಯ ಲೆಕ್ಕ

ಮೂವತ್ತೊಂಬತ್ತು ಮೆಟ್ಟಿಲು ಇಳಿದರೆ ದೇವರು.
ಎಲ್ಲ ಕಡೆ ಹತ್ತಿ ಹೋಗಿ ನೋಡುವವನನ್ನು
ಇಲ್ಲಿ ಇಳಿದು ನೋಡಬೇಕು.
ಮೇಲೆ ಬರೀ ಹುಲ್ಲು, ಒಂದು ಶಿಲುಬೆ,
ಆಡು ಕಾಯುವವರು ಕಟ್ಟಿದ ಮಾತೆಯ ಹೆಂಚಿನ ಮಂಟಪ.
ಅದರೆದುರು ಏನೂ ಎದ್ದು ನಿಲ್ಲಬಾರದೆಂದು
ನೆಲವನ್ನೇ ಬಗೆದರು,
ಎರಡು ಸಾವಿರ ಜನ ಮೊಣಕಾಲೂರುವಷ್ಟು ಅಗಲ.
ನಕ್ಷೆ ಬರೆದವರು ಚೆನ್ನೈನವರು.
ನೀರಿನ ಮಾತೆತ್ತಿದ್ದು ನಮ್ಮಪ್ಪ ಒಬ್ಬನೇ.

ಅಪ್ಪ ಚೌರಪ್ಪ, ಬಾವಿ ತೋಡುವವನು.
ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ
ಅವನು ಒಳಹೊಕ್ಕು ನೋಡದ ನೆಲ ಕಡಿಮೆ.
ಒಂದು ಹಿಡಿ ಮಣ್ಣು ಹಿಸುಕಿ, ಮೂಸಿ ಅಂದ:
"ನಾಲೆ ಬಿಟ್ಟಾಗ ನೋಡ್ಕಳಿ ಸ್ವಾಮಿ,
ಇದು ಕುಡಿಯೋ ಮಣ್ಣು."
ಗುರುಗಳು ನಕ್ಕರು.
ಇಂಜಿನಿಯರು ಫೋನಿನಲ್ಲಿದ್ದರು.

ಈಗ ನಾನಿಲ್ಲಿ ಪಂಪಿನವನು.
ಪೂಜಾವಸ್ತ್ರಗಳ ಕೋಣೆಯ ಪಕ್ಕ
ಒಂದು ಕಬ್ಬಿಣದ ಬಾಗಿಲು. ಒಳಗೆ ಸಂಪು,
ಐದು ಎಚ್‌ಪಿ ಮೋಟಾರು, ಕಾಲು ಮುರಿದ ಸ್ಟೂಲು,
ಗೀಟು ಹಾಕಿದ ಒಂದು ಪುಸ್ತಕ:
ಬೆಳಗಿನ ನಾಲ್ಕಕ್ಕೆ ಎರಡಡಿ,
ಹತ್ತಕ್ಕೆ ಎರಡೂಕಾಲು,
ಕರೆಂಟಿಲ್ಲ,
ಕರೆಂಟಿಲ್ಲ,
ಮೂರಡಿ. ಜನರೇಟರು.

ಶಿಲುಬೆ ಹಾದಿಯ ಹನ್ನೊಂದನೇ ಸ್ಥಳದ ಕೆಳಗೆ,
ಕೈಗೆ ಮೊಳೆ ಹೊಡೆಯುವ ಆ ಚಿತ್ರದ ಅಡಿಗೆ ಸರಿಯಾಗಿ
ಗೋಡೆ ಬೆವರುತ್ತದೆ.
ಮೂರು ಸಲ ರಾಸಾಯನಿಕ ತುಂಬಿದರು,
ಬಣ್ಣ ಬಳಿದರು.
ಅದು ಒಂದು ಗೇಣು ಪಕ್ಕಕ್ಕೆ ಸರಿದು
ಮತ್ತೆ ಅಲ್ಲಿಗೇ ಬಂತು.

ಮೊದಲು ನೋಡಿದ್ದು ನರಸೀಪುರದ ಕಡೆಯ ಅರುಳಮ್ಮ.
ಸೆರಗಿನ ತುದಿ ಅದ್ದಿ ಮೊಣಕಾಲಿಗೆ ಒತ್ತಿಕೊಂಡಳು.
ಆಮೇಲೆ ಬಾಟಲಿಗಳು ಬಂದವು,
ಕುಂಕುಮದ ಹಣೆಗಳು ಬಂದವು,
ಹರಕೆಯ ಮೇಣದ ಕೈ, ಮೇಣದ ಕಾಲು.
ಗುರುಗಳು ಬೋರ್ಡು ಹಾಕಿಸಿದರು:
ಇದು ನಾಲೆಯ ನೀರು, ಕುಡಿಯಬೇಡಿ.
ಬೋರ್ಡಿನ ಮೊಳೆಗೇ ಯಾರೋ ಹೂವಿನ ಸರ ಸಿಕ್ಕಿಸಿದರು.

ನನಗೆ ಗೊತ್ತು ಅದು ಎಲ್ಲಿಯದೆಂದು.
ಏರಿಯಾಚೆ ಜವರಾಯಿಗೌಡರ ಗದ್ದೆ.
ಕಟ್ಟು ನೀರು ಬಿಟ್ಟ ನಾಲ್ಕನೇ ದಿನಕ್ಕೆ
ಇಲ್ಲಿ ಗೋಡೆ ಕಣ್ಣು ಬಿಡುತ್ತದೆ.
ಯೂರಿಯಾ ಎರಚಿದ ವಾರ ಒಂಥರಾ ವಾಸನೆ.
ಬೇಸಗೆಯಲ್ಲಿ ನಾಲೆ ನಿಂತಾಗ
ಒಣಗಿದ ಕಲೆ ಮುಟ್ಟಿ ಹೆಂಗಸರು ಕೇಳುತ್ತಾರೆ,
"ತಾಯಿಗೆ ಏನು ಬೇಜಾರಾಯ್ತಪ್ಪಾ?"
ಕೆಆರ್‌ಎಸ್‌ನಲ್ಲಿ ನೀರಿಲ್ಲ ಕಣಮ್ಮಾ ಎನ್ನಲು
ಬಾಯಿ ತೆರೆಯುತ್ತೇನೆ.
"ಬರ್ತದೆ ಬಿಡಿ" ಅನ್ನುತ್ತೇನೆ.

ಭಾನುವಾರದ ಪೂಜೆಯಲ್ಲಿ ಒಂದು ಹೊತ್ತಿದೆ.
ಗುರುಗಳು ಅಪ್ಪ ಎತ್ತಿ ಹಿಡಿಯುವ ಮೊದಲು
ನಾನು ಸ್ವಿಚ್ಚು ಆರಿಸಬೇಕು,
ಮೋಟಾರಿನ ಸದ್ದು ಪೀಠಕ್ಕೆ ಕೇಳುತ್ತದೆಂದು.
ಅಷ್ಟೂ ಜನ ತಲೆ ತಗ್ಗಿಸಿದಾಗ
ಬಾಗಿಲ ಈಚೆ ನನ್ನೆದುರು ಬರೀ ಕತ್ತಲ ನೀರು.
ಅದು ಬರುವ ಸದ್ದು ಆಗ ಕೇಳುತ್ತದೆ,
ಹಸು ಕಲಗಚ್ಚಿಗೆ ಮೂತಿಯಿಟ್ಟ ಹಾಗೆ, ಅವಸರವಿಲ್ಲದೆ.
ನಾನು ಮೊಣಕಾಲೂರುವುದಿಲ್ಲ. ನೆಲ ಒದ್ದೆ.
ಗಂಟೆ ಬಾರಿಸುತ್ತದೆ, ಮತ್ತೆ ಬಾರಿಸುತ್ತದೆ,
ಸ್ವಿಚ್ಚು ಒತ್ತುತ್ತೇನೆ.
ಆ ನಾಲ್ಕು ನಿಮಿಷ
ಪುಸ್ತಕದಲ್ಲಿ ಬರೆಯುವುದಿಲ್ಲ.

ಅಪ್ಪ ಒಳಗೆ ಬಂದೇ ಇಲ್ಲ.
"ಅಷ್ಟಾಳ ಇಳಿದು, ನೀರು ಸಿಕ್ಕಿದ್ದಕ್ಕೆ
ಬೈಸ್ಕಂಡು ಬರೋ ಬಾವಿ ನಾನು ನೋಡಿಲ್ಲ ಕನ್ಲಾ" ಅನ್ನುತ್ತಾನೆ.
ಮೇಲೆ ಹುಲ್ಲಿನ ಮೇಲೆ, ಬೆಳಕಿಗೆಂದು ಬಿಟ್ಟ
ದುಂಡು ಗಾಜಿನ ಪಕ್ಕ, ಜಪಸರ ಎಣಿಸುತ್ತ ಕೂರುತ್ತಾನೆ.
ಕೆಳಗಿಂದ ಕತ್ತೆತ್ತಿದರೆ
ಕಾಗೆಯ ಹೆಜ್ಜೆ, ಒಂದು ಚಪ್ಪಲಿಯ ಅಟ್ಟೆ.

ಮೆಟ್ಟಿಲು ಹತ್ತಿ ಬಂದವನನ್ನು ಕೇಳುತ್ತಾನೆ:
"ಎಷ್ಟದೆ?"
"ನಿನ್ನೆಗಿಂತ ಎರಡು ಬೆರಳು ಜಾಸ್ತಿ."
ಮಣಿ ಹಿಡಿದ ಬೆರಳು ಅಲ್ಲೇ ನಿಲ್ಲುತ್ತದೆ.
ಏರಿಯ ಕಡೆ ಒಮ್ಮೆ ನೋಡಿ,
"ಅಂಗಾರೆ ಗೌಡ್ರು ನಾಟಿಗೆ ಇಳಿದವ್ರೆ" ಅಂದು
ಮುಂದಿನ ಮಣಿಗೆ ಹೋಗುತ್ತಾನೆ.