ಎರಡೂ ಮುಕ್ಕಾಲಿಗೆ ಆಗಬಹುದೆ

ಎರಡೂವರೆಗೆ ಮಾತಾಡೋಣ ಅಂತ ಬರೆದಿದ್ದರು.
ನಾನು ಬರೆದೆ: ಮೇಡಂ, ಎರಡೂ ಮುಕ್ಕಾಲಿಗೆ ಆಗಬಹುದೆ?
ಕಾರಣ ಬರೆಯಲಿಲ್ಲ.
ಎರಡೂ ಮೂವತ್ತೈದಕ್ಕೆ ನಮ್ಮ ಗೋಡೆಯಾಚೆ
ಮೈಸೂರಿನ ಗಾಡಿ ಹಾಯುತ್ತದೆ,
ಅದು ಹಾಯುವಾಗ ಅರಸೀಕೆರೆಯ ಈ ಕ್ವಾರ್ಟರ್ಸಿನಲ್ಲಿ
ದೇವರ ಪಟವೂ ಮೊಳೆ ಹಿಡಿದುಕೊಳ್ಳುತ್ತದೆ.

ಅದಕ್ಕೂ ಮೊದಲು ನಲವತ್ತೊಂದು ಅರ್ಜಿ.
ಎಣಿಸಿದ್ದು ಆಫ್ರೀನ್, ನಾನಲ್ಲ;
ಅವಳಿಗೆ ಇನ್ನೊಬ್ಬರ ಸೋಲು ಎಣಿಸುವ ಚಟ.
ಪದವಿಯ ಎಷ್ಟನೇ ವರ್ಷ ಎಂದು ಕೇಳುವ ಕಿಂಡಿ ಒತ್ತಿದರೆ
ಒಂದು, ಎರಡು, ಮೂರು, ಮುಗಿದಿದೆ.
ಫಸ್ಟ್ ಪಿಯುಸಿ ಅಂತ ಎಲ್ಲೂ ಇಲ್ಲ.
ಒಂದರ ಕೆಳಗೂ ಜನ ನಿಂತಿರುತ್ತಾರೆ ಅನ್ನುವುದು
ಕಿಂಡಿಗೆ ಗೊತ್ತಿಲ್ಲ.
'ಇತರೆ' ಒತ್ತಿದೆ.
ಇಡೀ ಬೇಸಿಗೆ ಇತರೆಯಾಗಿದ್ದೆ.

ಒಬ್ಬರು ಒಪ್ಪಿದ್ದರು, ಹನ್ನೆರಡೇ ನಿಮಿಷದಲ್ಲಿ.
ಅಭಿನಂದನೆ, ಒಂಬೈನೂರ ತೊಂಬತ್ತೊಂಬತ್ತು ಕಟ್ಟಿ,
ಕೆಲಸ ಮನೆಗೇ ಬರುತ್ತದೆ.
ಅವ್ವನ ಚೀಟಿ ದುಡ್ಡು ಸಾಸಿವೆ ಡಬ್ಬಿಯಲ್ಲಿತ್ತು.
(ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ.)
ಬಂದದ್ದು ಒಂದು ಸರ್ಟಿಫಿಕೇಟು,
ಶುರುವೇ ಆಗದ ಕೆಲಸ ಚೆನ್ನಾಗಿ ಮುಗಿಸಿದ್ದಕ್ಕೆ.
ಅದರಲ್ಲಿ ಜೀವಿತಾ ಜೀವನ್ ಆಗಿದ್ದಳು.
ಆ ವಾರ ಅವ್ವ ಮಂಡಿಗೆ, ಕೊಬ್ಬರಿ ಆರಿಸಲು,
ಸಂಜೆಯೂ ಹೋದಳು.
ಯಾಕೆಂದು ನಾನು ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಇವರು ಮಾತ್ರ ಫೀಸು ಅನ್ನಲಿಲ್ಲ. ಮಂಗಳೂರಿನವರು, ಲವೀನಾ.
ಯಾರೋ ಆಡಿದ ಕನ್ನಡ ಕಿವಿಗೆ ಬೀಳುತ್ತದೆ,
ಆಡಿದ ಹಾಗೇ ಅಕ್ಷರಕ್ಕೆ ಇಳಿಸಬೇಕು, ಅಷ್ಟೇ.
'ಬತ್ತೀನಿ' ಅಂದದ್ದನ್ನು 'ಬರುತ್ತೇನೆ' ಮಾಡಬಾರದು.
ನಮ್ಮ ಕನ್ನಡ ಮೇಷ್ಟ್ರಿಗೆ ಹೇಳಿದರೆ ಅತ್ತೇಬಿಡುತ್ತಾರೆ.

ಎರಡೂ ನಲವತ್ತಾರು.
ಅಪ್ಪನ ಫೋನು ರಾಗಿ ಡಬ್ಬಕ್ಕೆ ಒರಗಿದೆ.
ತಲೆ ಬಾಚಿದ್ದೆ, ಮುಂದಿನಿಂದ ಮಾತ್ರ.
ಮೊದಲ ಪ್ರಶ್ನೆ. ಎರಡನೆಯದು.
ಮೂರನೆಯದರ ನಡುವೆ ಬಂತು
ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಗೂಡ್ಸು.
ಸದ್ದು ಅಡಗಿಸಲು ಬೆರಳು ಓಡಿತು,
ಒತ್ತಿದ್ದು ಬೇರೆ ಗುಂಡಿ:
ನನ್ನ ಮುಖ ಹೋಯಿತು, ಸದ್ದು ಉಳಿಯಿತು.
ಇಡೀ ರೈಲು ಮಂಗಳೂರಿನ ಆ ಕೋಣೆಯಲ್ಲಿ ಹಾಯಿತು.

"ಅಬ್ಬ, ಎಷ್ಟು ಉದ್ದ!"
"ನಲವತ್ತೆರಡು ಡಬ್ಬಿ ಮೇಡಂ. ಖಾಲಿ."
"ನೋಡಿದೆಯಾ?"
"ಇಲ್ಲ, ಖಾಲಿದು ಜಾಸ್ತಿ ಮಾತಾಡುತ್ತೆ.
ತುಂಬಿದ್ದು ನೆಲದ ಹತ್ತಿರ ಮಾತ್ರ ಹೇಳಿಕೊಳ್ಳುತ್ತೆ.
ಅಪ್ಪ ಹಳಿ ಕಾಯೋರು, ನಿದ್ದೆಯಲ್ಲೇ ಹೇಳ್ತಾರೆ
ಹನ್ನೊಂದನೇ ಡಬ್ಬಿ ಚಕ್ರ ಸವೆದಿದೆ ಅಂತ."
ಅತ್ತ ಏನೋ ಗೀಚಿದ ಸದ್ದು.
ಪೆನ್ಸಿಲ್ಲು, ಪೆನ್ನಲ್ಲ. ಅದನ್ನು ಹೇಳಲಿಲ್ಲ.

ಒಂಬತ್ತು ದಿನ ಬಿಟ್ಟು ಉತ್ತರ.
ತಿಂಗಳಿಗೆ ಎರಡು ಸಾವಿರ. ದಿನಕ್ಕೆ ಒಂದೇ ಗಂಟೆ.
ಪರೀಕ್ಷೆ ಬಂದರೆ ನಿಲ್ಲಿಸತಕ್ಕದ್ದು.
ಹದಿನಾರು ವರ್ಷವಾದ್ದರಿಂದ ಪೋಷಕರ ಸಹಿ.

ಅಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು.
"ಎಲ್ಲಿಗೆ ಹೋಗಬೇಕು?"
"ಎಲ್ಲಿಗೂ ಇಲ್ಲಪ್ಪ."
"ಅಲ್ಲ, ಯಾವ ಗಾಡಿಗೆ?"
"ಯಾವ ಗಾಡಿಗೂ ಇಲ್ಲ."

ಇಪ್ಪತ್ತೆರಡು ವರ್ಷ ಈ ಜಂಕ್ಷನ್ನಿನಲ್ಲಿ
ಹೋಗುವವರನ್ನೇ ನೋಡಿದ ಮನುಷ್ಯ
ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು.
ಆಮೇಲೆ ಸಹಿ ಹಾಕಿದರು, ತಾರೀಕು ಹಾಕಿದರು,
ಪಕ್ಕದಲ್ಲಿ, ಯಾರೂ ಕೇಳದಿದ್ದರೂ,
ಗಂಟೆಯನ್ನೂ:
೧೯.೧೦.