ಕೂದಲಷ್ಟು ಆಟ

ಸಿಲ್ವರ್ ಓಕಿನ ತುದಿಯಲ್ಲಿ ಎರಡು ದಿನ ಸಿಕ್ಕಿಕೊಂಡಿತ್ತು.
ಮೆಣಸು ಕೊಯ್ಯುವ ಮಾರ ಒಂಟಿಬಿದಿರಿನ ಏಣಿ ಹತ್ತಿ
ಹೆಗಲ ಚೀಲದಲ್ಲಿ, ಹಸಿ ಗೊಂಚಲುಗಳ ಮೇಲೆ ಮಲಗಿಸಿ ತಂದ.
"ಮೊಟ್ಟೆ ಇಟ್ಟಿಲ್ಲ" ಎಂದ, ಅಷ್ಟೇ.
ರೆಕ್ಕೆಗೆ ಏನೂ ಆಗಿಲ್ಲ. ಬಾಲದಲ್ಲಿ ಮಾತ್ರ
ಚುಕ್ಕಾಣಿ ಎಡಕ್ಕೆ ತಿರುಗಿ ನಿಂತುಬಿಟ್ಟಿದೆ
ಮುನಿಸಿಕೊಂಡ ನೆಂಟರ ಕುತ್ತಿಗೆಯ ಹಾಗೆ.

ಪೇಪರಿನಲ್ಲಿ ದಿನಾ ಯಾರೋ ಒಬ್ಬರು
ಸಂಘದ್ದೋ ಪಕ್ಷದ್ದೋ ಚುಕ್ಕಾಣಿ ಹಿಡಿಯುತ್ತಾರೆ.
ನಾನು ಹಿಡಿದದ್ದು ಇದು:
ಎರಡು ಬೆರಳಗಲ, ಬೆಂಕಿಪೊಟ್ಟಣಕ್ಕಿಂತ ಹಗುರದ ಚಕ್ಕೆ.

ಇಪ್ಪತ್ತೊಂಬತ್ತು ವರ್ಷ ವಿರಾಜಪೇಟೆ–ಕುಟ್ಟ ಬಸ್ಸು ಬಿಟ್ಟವನು ನಾನು.
ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.
ಮೆಲ್ಲಗೆ ಅಲ್ಲಾಡಿಸಿದೆ. ಲೊಟ ಲೊಟ.
"ಆಟ ಜಾಸ್ತಿ ಇದೆ" ಎಂದೆ.
ಸಮೀಹಾ ನಕ್ಕಳು, ಹನ್ನೊಂದು ವರ್ಷದ ಪೈಲಟ್:
"ಆಟದ ಸಾಮಾನಲ್ವ ಅಜ್ಜ, ಆಟ ಇರ್ಬೇಕಲ್ಲ!"

ಹೊಟ್ಟೆ ಬಿಚ್ಚಿದೆವು.
ಸರ್ವೊ ಸಕ್ಕರೆ ಮಿಠಾಯಿಯಷ್ಟು, ಜೇನು ಸಿಕ್ಕ ನೊಣದಂತೆ ಗುಂಯ್ ಅನ್ನುತ್ತಿದೆ.
ಅದರ ತಪ್ಪಿಲ್ಲ; ತಂತಿ ಬಾಗಿದೆ,
ತಂತಿ ಸಿಕ್ಕಿಸಿದ ತೂತು ಸವೆದು ಅವರೆಕಾಳಾಗಿದೆ.

ಅವಳ ಅಪ್ಪ ಕುಂಞಾಲಿಯ ಸೈಕಲ್ ಅಂಗಡಿ ಗೋಣಿಕೊಪ್ಪದಲ್ಲಿ.
ಅಲ್ಲಿಂದ ಬಂತು ಹಳೆಯ ಚಕ್ರದ ಒಂದು ಕಡ್ಡಿ.
ತುದಿಯನ್ನು ಚಿಲಕದ ಹಾಗೆ ಎರಡು ಸಲ ಬಗ್ಗಿಸಿ,
ಶಾಯಿ ಮುಗಿದ ರೀಫಿಲ್ಲಿನೊಳಗೆ ತೂರಿಸಿ,
ಸವೆದ ತೂತು ಬಿಟ್ಟು ಅದರ ಪಕ್ಕದ್ದಕ್ಕೆ ಸಿಕ್ಕಿಸಿದೆ.
ಹರಿದ ಕೀಲಿಗೆ ತೆಳ್ಳಗಿನ ಗಟ್ಟಿ ಹಾಳೆ ಬೇಕಿತ್ತು.
ಬೀರುವಿನ ಮೇಲೆ ದಮಯಂತಿಯ ಮಂಡಿಯ ಎಕ್ಸ್-ರೇ.
ಕತ್ತರಿಸುವ ಮೊದಲು ಕೇಳಿದೆ.
ಒಲೆಯ ಮುಂದಿನಿಂದಲೇ ಹೇಳಿದಳು:
"ಮೆಟ್ಟಲು ಹತ್ತದ ಮಂಡಿ. ಹಾರಲಿ ಬಿಡಿ."

ಒಂದು ಕೂದಲಷ್ಟು ಆಟ ಉಳಿಸಿದೆ.
ಸಮೀಹಾ ಒಪ್ಪಲಿಲ್ಲ, ಬಿಗಿಯಾಗಲಿ ಎಂದಳು.
ಬಿಗಿಯಾದ ಸ್ಟೀರಿಂಗ್ ಪ್ರತಿ ಕಲ್ಲನ್ನೂ
ನೇರ ತಂದು ಮಣಿಕಟ್ಟಿಗೆ ಹೇಳುತ್ತದೆ ಮಗಳೇ,
ತಿತಿಮತಿ ದಾಟುವಷ್ಟರಲ್ಲಿ ತೋಳು ಸೋಲುತ್ತದೆ.

ಕೊಯ್ಲು ಮುಗಿದ ಗದ್ದೆ. ಕೂಳೆ ಹೆರೆದು ಹುಡುಗರು ಹಾಕಿ ಆಡುವ ಜಾಗ,
ಊಟದ ಹೊತ್ತಾದ್ದರಿಂದ ಖಾಲಿ.
ಎಸೆದಳು. ಏರಿತು.
ಕಡ್ಡಿ ನನ್ನ ಕೈಗೆ ಕೊಟ್ಟಳು.
ಹೋಗುವಾಗ ಹೇಳಿದ ಮಾತು ಕೇಳುತ್ತದೆ,
ಎಡವೆಂದರೆ ಎಡ, ಬಲವೆಂದರೆ ಬಲ.
ತಿರುಗಿ ನನ್ನ ಕಡೆಗೇ ಬರತೊಡಗಿದ್ದೇ ತಡ
ಎಲ್ಲ ತಿರುವುಮುರುವು: ಬಲಕ್ಕೆ ಎಳೆದರೆ ಎಡಕ್ಕೆ ವಾಲುತ್ತದೆ,
ಕಾಫಿ ಗಿಡಗಳ ಮೇಲೆ, ಮತ್ತೆ ಆ ಸಿಲ್ವರ್ ಓಕಿನ ಕಡೆ.

ಇಷ್ಟು ವರ್ಷ ಬಸ್ಸಿನೊಳಗೇ ಕೂತವನು,
ಒಂದು ದಿನವೂ ನಾನು
ನನ್ನ ಬಸ್ಸಿಗೆ ಎದುರಾಗಿ ರಸ್ತೆಯಲ್ಲಿ ನಿಂತವನಲ್ಲ.
ನಿಂತವರು ಇದ್ದರು. ಕೈ ಅಡ್ಡ ಹಿಡಿದು, ಮಕ್ಕಳನ್ನು ಎತ್ತಿಕೊಂಡು.
ತುಂಬಿದೆ ಎಂದು ನಿಲ್ಲಿಸದೆ ಹೋದ ದಿನಗಳೂ ಇದ್ದವು.
ಎದುರಿನಿಂದ ಹೇಗೆ ಕಾಣುತ್ತಿತ್ತೋ.

"ಅಜ್ಜ, ಎಡ ಬಲ ಬಿಡಿ!
ಯಾವ ರೆಕ್ಕೆ ಬೀಳ್ತಿದೆ ನೋಡಿ,
ಕಡ್ಡೀನ ಅದರ ಕೆಳಗೇ ತಳ್ಳಿ,
ಗೊನೆ ಬಿಟ್ಟ ಬಾಳೆಗೆ ಕೋಲು ಕೊಡಲ್ವ, ಹಾಗೆ!"

ಕೊಟ್ಟೆ.
ಬಾಳೆ ನೆಟ್ಟಗಾಯಿತು ಆಕಾಶದಲ್ಲಿ.

ಇಳಿಸಿದ್ದು ಅವಳೇ. ಬದು ತಾಗಿ ಮುಂದಿನ ಚಕ್ರ ಕಿತ್ತುಹೋಯಿತು,
ಅದು ನಾಳೆಯ ಕೆಲಸ.
ಮನೆಗೆ ಬಂದರೆ ದಮಯಂತಿ ಕೇಳಿದಳು,
ಹೇಗಿತ್ತಂತೆ ನನ್ನ ಮಂಡಿಗೆ, ಮೇಲೆ?
ಚಳಿ ಅಂತೆ, ಎಂದೆ.